ಪ್ಯಾಕಿಂಗ್ ಕೆಲಸವೆಂದು ಜರೆಯುವ ಮುನ್ನ

ನಾಗಪುರದಿಂದ ಬೇತೂಲ್-ಭೋಪಾಲಗಳ ಕಡೆಗೆ ಹೋಗುವ ಹೆದ್ದಾರಿಯಿಂದ ಛಿಂದ್ವಾಡೆಯ ದಾರಿ ಕವಲೊಡೆಯುವ ಊರು ಸಾವನೇರ್. ಸುತ್ತಲೂ ಹತ್ತಿಯ ಹೊಲಗಳು, ಕಿತ್ತಳೆಯ ತೋಟಗಳು, ನೆಲದಡಿಯಲ್ಲಿ ಕಲ್ಲಿದ್ದಲ ಗಣಿಗಳು. ಇದೇ ತಾಲೂಕಿನ ಖಾಪರಖೇಡಾದಲ್ಲಿ ವಿದ್ಯುತ್ತು ಉತ್ಪಾದಿಸುವ ಕೇಂದ್ರದ ಎತ್ತರದ ಹೊಗೆಗೊಳವೆಗಳು. ಮೇ ತಿಂಗಳ ಇಲ್ಲಿಯ ಬಿಸಿಲನ್ನು ಉಂಡವರೇ ಬಲ್ಲರು. ಅಂತಹ ಒಂದು ಮಧ್ಯಾಹ್ನ ಹೆದ್ದಾರಿಯ ಬದಿಯ ಉಪಾಹಾರಗೃಹವೊಂದರಲ್ಲಿ ನಾವು ಕಾಫಿಗೆ ಕುಳಿತಿದ್ದಾಗ, ಕುಟುಂಬದವರಿಗೆಂದು ಮೀಸಲಾದ ಕೋಣೆಯ ಹವಾನಿಯಂತ್ರಕವು ಒಮ್ಮೆ ಗೊರಗೊರ ಎಂದು ನಿಂತುಹೋಯಿತು. ರಿಪೇರಿಯವನು ಬಂದು, ಹೊರಗಿನ ಪೆಟ್ಟಿಗೆಯ ತಗಡನ್ನು ಬಿಚ್ಚಿ, ಹಸಿರು ಫಲಕದ ಮೇಲೆ ಎರಡು ಸಾಲು ಕಾಲುಗಳನ್ನು ಊರಿ ಕುಳಿತಿದ್ದ ಒಂದು ಕರಿಬಿಲ್ಲೆಯನ್ನು ತೋರಿಸಿ, "ಸತ್ತಿರುವುದು ಇದು" ಎಂದನು. ಬೆಲೆ ಕೇಳಿದ ಕೂಡಲೇ ಗಲ್ಲೆಯ ಮೇಲಿದ್ದ ಕುಂದಾಪುರದ ಕಡೆಯ ನಮ್ಮ ಬಂಧುಗಳು ಹಣೆ ಚಚ್ಚಿಕೊಂಡರು.

ಅವರ ಹಣೆ ಚಚ್ಚಿಕೊಳ್ಳುವ ಕಾರಣ ಅದೊಂದೇ ಆಗಿರಲಿಲ್ಲವೆಂಬುದು ತರುವಾಯ ಮಾತಿನಲ್ಲಿ ಹೊರಬಿದ್ದಿತು. ಅವರ ಮಗಳು ಇಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಮುಗಿಸಿದ್ದಾಳೆ. ಗುಜರಾತಿನ ಸಾಣಂದದಲ್ಲಿ ಚಿಪ್‌ಗಳನ್ನು ಪ್ಯಾಕೇಜಿಂಗ್ ಮಾಡುವ ಒಂದು ಕಾರ್ಖಾನೆಯಿಂದ ತರಬೇತಿಗೆ ಕರೆ ಬಂದಿದೆ. ಹುಡುಗಿ ಹೊರಡಲು ಸಿದ್ಧಳು, ತಂದೆ ಸಿದ್ಧರಲ್ಲ. "ಮೂವತ್ತು ವರ್ಷ ಪರಸ್ಥಳದಲ್ಲಿ ಇಡ್ಲಿ-ವಡೆಯ ಲೆಕ್ಕ ಬರೆದದ್ದು ಮಗಳನ್ನು ಪ್ಯಾಕಿಂಗ್ ಕೆಲಸಕ್ಕೆ ಕಳಿಸಲಿಕ್ಕೋ? ಚಿಪ್ ಬರೆಯುವ ಡಿಸೈನ್ ಕೆಲಸವೆಂದರೆ ಬೆಂಗಳೂರಿಗೆ ಸಾಲ ಮಾಡಿಯಾದರೂ ಕಳಿಸುತ್ತಿದ್ದೆ" ಎಂದು ಅವರು ನಮ್ಮೊಡನೆ ನೊಂದು ನುಡಿದರು.

ಮೇಜಿನ ಮೇಲೆ ಸತ್ತು ಬಿದ್ದಿದ್ದ ಆ ಕರಿಬಿಲ್ಲೆಯೇ ಅವರು ಜರೆದ ಆ ಕೆಲಸದ ಫಲವೆಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿದಿರಬೇಕಿತ್ತೆಂದು ನಾವೂ ಹೇಳಲಾರೆವು. ಕಲಿತವರೆನಿಸಿಕೊಂಡ ಎಷ್ಟೋ ಜನರೇ ಇದನ್ನು ಅರಿಯರು. ಆದರೆ ಇಂದು ನಮ್ಮ ಸಾವಿರಾರು ಗುಮಾಸ್ತರ, ಹೋಟೆಲ್ ನೌಕರರ ಮನೆಗಳಲ್ಲಿ ಮಕ್ಕಳ ಮುಂದಿನ ದಾರಿಯ ವಿಷಯವಾಗಿ ಇದೇ ಚರ್ಚೆ ನಡೆಯುತ್ತಿರುವುದರಿಂದ, ಈ ಕುರಿತು ನಾಲ್ಕು ಮಾತು ಬರೆಯುವುದು ಅವಶ್ಯವೆಂದು ತೋರಿತು.

ಚಿಪ್ ಎಂದರೆ ಸಿಲಿಕಾನಿನ ತೆಳುಹಾಳೆಯ ಮೇಲೆ ಅತಿ ಸೂಕ್ಷ್ಮವಾಗಿ ವಿದ್ಯುನ್ಮಂಡಲವನ್ನು ರೂಪಿಸಿ ಕತ್ತರಿಸಿ ತೆಗೆದ ತುಂಡು. ಬರಿಯ ತುಂಡು ಯಾವ ಕೆಲಸಕ್ಕೂ ಬಾರದು. ಉಗುರು ತಾಗಿದರೆ ಒಡೆಯುವ ವಸ್ತು ಅದು. ಅದನ್ನು ಒಂದು ಆಧಾರದ ಮೇಲೆ ಕೂರಿಸಿ, ಕೂದಲಿಗಿಂತಲೂ ತೆಳುವಾದ ತಂತಿಗಳಿಂದ ಹೊರಗಿನ ಕಾಲುಗಳಿಗೆ ಜೋಡಿಸಿ, ಕರಿಯ ರಾಳದಲ್ಲಿ ಎರಕ ಹೊಯ್ದಾಗ ನಾವು ಕಾಣುವ ಬಿಲ್ಲೆಯಾಗುತ್ತದೆ. ಈ ವಿದ್ಯೆಗೇ ಪ್ಯಾಕೇಜಿಂಗ್ ಎಂದು ಹೆಸರು. ಒಂದೇ ಬಿಲ್ಲೆಯಲ್ಲಿ ಒಂದಕ್ಕಿಂತ ಹೆಚ್ಚು ಚಿಪ್‌ಗಳನ್ನು ಕೂರಿಸಿ ಅವುಗಳಿಂದ ಒಗ್ಗೂಡಿ ಕೆಲಸ ಮಾಡಿಸಿದರೆ ಅದು ಬಹುಚಿಪ್ ಪ್ಯಾಕೇಜಿಂಗ್.

ಇದರಲ್ಲಿ ಕನ್ನಡ ನೆಲದ ಹೆಸರೊಂದು ಈಚೆಗೆ ಕೇಳಿಬಂದಿದೆ. ರಮೇಶ್ ಕುಂಞಿಕಣ್ಣನ್ ಅವರು ೧೯೮೮ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಕೇನ್ಸ್ ಟೆಕ್ನಾಲಜಿ ಸಂಸ್ಥೆಯು, ತನ್ನ ಅಂಗಸಂಸ್ಥೆಯಾದ ಕೇನ್ಸ್ ಸೆಮಿಕಾನ್ ಮೂಲಕ ಸಾಣಂದದಲ್ಲಿ ಇಂತಹ ಕಾರ್ಖಾನೆಯನ್ನು ಹೂಡಿತು. ೨೦೨೪ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟಾಗ ಯೋಜನೆಯ ವೆಚ್ಚ ಸುಮಾರು ೩,೩೦೦ ಕೋಟಿ ರೂಪಾಯಿಗಳೆಂದೂ, ಪೂರ್ಣವಾದಾಗ ದಿನಕ್ಕೆ ಅರವತ್ತು ಲಕ್ಷ ಚಿಪ್‌ಗಳ ಸಾಮರ್ಥ್ಯವಿರುವುದೆಂದೂ ಪ್ರಕಟವಾಯಿತು. ೨೦೨೫ರ ಅಕ್ಟೋಬರಿನಲ್ಲಿ ಅಲ್ಲಿಂದ ೯೦೦ ಬಿಲ್ಲೆಗಳ ಮೊದಲ ರವಾನೆ ಕ್ಯಾಲಿಫೋರ್ನಿಯದ ಆಲ್ಫಾ ಅಂಡ್ ಒಮೆಗಾ ಸೆಮಿಕಂಡಕ್ಟರ್ ಸಂಸ್ಥೆಗೆ ಹೋಯಿತು. ವ್ಯಾಪಾರಕ್ಕಾಗಿ ಭಾರತದಲ್ಲಿ ತಯಾರಾದ ಮೊದಲ ಬಹುಚಿಪ್ ಜೋಡಣೆ ಇದೆಂದು ಆಗ ಸಾರಲಾಯಿತು. ಇಂಟೆಲಿಜೆಂಟ್ ಪವರ್ ಮಾಡ್ಯೂಲ್ ಎಂಬುದು ಅದರ ಜಾತಿಯ ಹೆಸರು. ಸಾವನೇರಿನಲ್ಲಿ ಸತ್ತ ಬಿಲ್ಲೆ ಯಾವ ದೇಶದ್ದೋ ಯಾರು ಮಾಡಿದ್ದೋ ನಾವು ಕಾಣೆವು. ಅದರ ಜಾತಿ ಮಾತ್ರ ಇದೇ.

ಮೈಸೂರಿನಲ್ಲಿ ಹುಟ್ಟಿದ್ದು ಸಾಣಂದಕ್ಕೆ ಏಕೆ ಹೋಯಿತೆಂದು ಕೆಲವರು ಮುಖ ಗಂಟಿಕ್ಕುತ್ತಾರೆ. ಹೊಟ್ಟೆಪಾಡಿಗಾಗಿ ಘಟ್ಟ ಹತ್ತಿ, ನರ್ಮದೆಯ ಆಚೆಗೂ ಹೋದ ನಾವು ಆ ಪ್ರಶ್ನೆ ಕೇಳುವುದು ಅಷ್ಟು ಚೆನ್ನಾಗಿರದು.

ಆ ಒಂದು ಬಿಲ್ಲೆಯೊಳಗೆ ಹದಿನೇಳು ಚಿಪ್‌ಗಳಿವೆ. ಆರು ಚಿಪ್‌ಗಳು ವಿದ್ಯುತ್ತನ್ನು ಕ್ಷಣಕ್ಷಣಕ್ಕೆ ಬಿಡುವ ತಡೆಯುವ ಕೀಲಿಗಳು; ಅವುಗಳ ಜೊತೆಗೆ ಶೀಘ್ರವಾಗಿ ಚೇತರಿಸಿಕೊಳ್ಳುವ ಆರು ಡಯೋಡ್‌ಗಳು; ಬೇರೆ ಮೂರು ಡಯೋಡ್‌ಗಳು; ಇವೆಲ್ಲವನ್ನೂ ಆಳುವ ಎರಡು ನಿಯಂತ್ರಕ ಚಿಪ್‌ಗಳು. ಹವಾನಿಯಂತ್ರಕದ ಸಂಕೋಚಕ ಯಂತ್ರವನ್ನು ಬೇಕಾದಷ್ಟೇ ವೇಗದಲ್ಲಿ ತಿರುಗಿಸಲು, ಮನೆಗೆ ಬರುವ ವಿದ್ಯುತ್ತನ್ನು ಮೊದಲು ಏಕಮುಖವಾಗಿಸಿ, ಅನಂತರ ಅದನ್ನು ತುಂಡುತುಂಡು ಮಾಡಿ ಮೂರು ಹಂತದ ಪ್ರವಾಹವಾಗಿ ಮೋಟಾರಿಗೆ ಉಣಿಸಬೇಕಾಗುತ್ತದೆ. ಕೀಲಿಗಳು ಒಂದು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುತ್ತವೆ. ಮೇಲಿನ ಕೀಲಿಯೂ ಅದೇ ಸಾಲಿನ ಕೆಳಗಿನ ಕೀಲಿಯೂ ಒಂದು ಕ್ಷಣ ಕೂಡಿಯೇ ತೆರೆದುಕೊಂಡರೆ ಸಾಕು, ಬಿಲ್ಲೆ ಸುಟ್ಟು ಕರಕಲು. ಹಾಗಾಗದಂತೆ ಕಾಯುವುದು, ಪ್ರವಾಹ ಮಿತಿಮೀರಿದರೆ ನಿಲ್ಲಿಸುವುದು, ಬಿಸಿ ಏರಿದರೆ ಎಚ್ಚರಿಸುವುದು ಆ ನಿಯಂತ್ರಕ ಚಿಪ್‌ಗಳ ಹೊಣೆ. ಮೂರೋ ಐದೋ ವೋಲ್ಟಿನ ಮೆಲುದನಿಯ ಆಜ್ಞೆಯನ್ನು ಕೇಳಿ, ಮುನ್ನೂರಕ್ಕೂ ಮೇಲ್ಪಟ್ಟ ವೋಲ್ಟಿನ ನೆರೆಯಲ್ಲಿ ನಿಂತು ಅದನ್ನು ನಡೆಸಬೇಕಾದ ಈ ಚಿಪ್‌ಗಳು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸರಕಲ್ಲ. ಆ ಮನೆಗೆಂದೇ, ಆ ನೆರೆಹೊರೆಗೆಂದೇ ಹೊಲಿದ ಅಂಗಿಯಂತೆ ಅವನ್ನು ರೂಪಿಸಬೇಕು.

ಇಲ್ಲಿಯೇ ನಮ್ಮ ಗಲ್ಲೆಯ ಬಂಧುಗಳ ತಪ್ಪು ತಿಳಿವಳಿಕೆಯ ಬೇರು ಇರುವುದು. ಚಿಪ್ ಬರೆಯುವವನು ಬರೆದು ಮುಗಿಸುತ್ತಾನೆ, ಆಮೇಲೆ ಇನ್ನೊಬ್ಬನು ಅದನ್ನು ಸುತ್ತಿ ಕಟ್ಟುತ್ತಾನೆ ಎಂದು ಅವರು ಭಾವಿಸಿದ್ದಾರೆ. ಹೋಟೆಲಿನಲ್ಲಿಯೂ ಪಾರ್ಸೆಲ್ ಕಟ್ಟುವ ಹುಡುಗನಿಗೆ ಭಟ್ಟರ ಮುಂದೆ ಯಾವ ಮರ್ಯಾದೆ ಉಂಟು? ಆದರೆ ನಿಜವಾದ ಭಟ್ಟನು ಬಲ್ಲನು: ರೈಲಿಗೆ ಕಟ್ಟಿಕೊಡುವ ಚಟ್ನಿಗೆ ನೀರು ಕಡಿಮೆ ಹಾಕಬೇಕು, ಪೊಟ್ಟಣದಲ್ಲಿ ಬೆವರುವ ದೋಸೆಯನ್ನು ಬೇರೆ ಹದದಲ್ಲಿ ಹೊಯ್ಯಬೇಕು, ಬಿಸಿ ಸಾಂಬಾರಿನ ಮಗ್ಗುಲಲ್ಲಿ ಮೊಸರನ್ನು ಇಡಬಾರದು. ಕಟ್ಟುವ ಬಗೆ ಅಡಿಗೆಯ ಒಲೆಯವರೆಗೆ ಹಿಂದಕ್ಕೆ ಹೋಗಿ ಅಡಿಗೆಯನ್ನೇ ಬದಲಿಸುತ್ತದೆ. ಬಹುಚಿಪ್ ಬಿಲ್ಲೆಗೆಂದು ಚಿಪ್ ರೂಪಿಸುವ ವಿದ್ಯೆಯೂ ಹೀಗೆಯೇ.

ಸಾಮಾನ್ಯ ಚಿಪ್ಪಿನ ಅಂಚಿನಲ್ಲಿ ಹೊರತಂತಿಗಳು ಅಂಟುವ ಪುಟ್ಟ ಲೋಹದ ಮಣೆಗಳಿರುತ್ತವೆ. ಒಂಟಿಯಾಗಿರುವ ಚಿಪ್ಪಿನಲ್ಲಿ ಈ ಮಣೆಗಳನ್ನು ತನ್ನ ಅನುಕೂಲಕ್ಕೆ ತಕ್ಕಂತೆ ಇಟ್ಟುಕೊಳ್ಳಬಹುದು. ಬಹುಚಿಪ್ ಮನೆಯಲ್ಲಿ ಎದುರಿನ ಕೀಲಿ ಎಲ್ಲಿ ಕುಳಿತಿದೆ ಎಂಬುದನ್ನು ನೋಡಿಯೇ ಮಣೆಯ ಜಾಗ ಗೊತ್ತುಮಾಡಬೇಕು. ಇಲ್ಲವಾದರೆ ತಂತಿಗಳು ಒಂದರ ಮೇಲೊಂದು ಹಾಯುತ್ತವೆ, ಅಥವಾ ಉದ್ದವಾಗುತ್ತವೆ. ಉದ್ದವಾದರೆ ಏನಾಯಿತೆನ್ನಬಾರದು. ಕರಿಯ ರಾಳವನ್ನು ಒತ್ತಿ ಹೊಯ್ಯುವಾಗ ಅದರ ಹರಿವಿಗೆ ಉದ್ದ ತಂತಿಗಳು ಹೊಳೆಯ ಜೊಂಡಿನಂತೆ ಬಾಗಿ ಪಕ್ಕದ ತಂತಿಗೆ ತಾಗುತ್ತವೆ. ಚಿನ್ನದ ಇಂತಹ ತಂತಿಯ ದಪ್ಪ ಅನೇಕ ವೇಳೆ ೨೫ ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಭಾಗ. ಚಿಪ್ ಬರೆಯುವವನು ರಾಳದ ಹರಿವನ್ನು ಅರಿತಿರಬೇಕೆಂದರೆ ನಗು ಬರಬಹುದು. ಆದರೆ ಅರಿಯದವನ ಚಿಪ್ ಕೆಡುವುದು ಅಲ್ಲಿಯೇ.

ಬಿಸಿಯ ಸಂಗತಿ ಇನ್ನೂ ಕಠಿಣ. ಕೀಲಿ ಚಿಪ್‌ಗಳು ಕಾಯುತ್ತವೆ, ನಿಯಂತ್ರಕವು ಮಗ್ಗುಲಲ್ಲಿಯೇ ಇದೆ. ಬಿಸಿಯನ್ನು ಅಳೆಯುವ ಅವಯವವನ್ನು ಯಾವ ಅಂಚಿನಲ್ಲಿಡಬೇಕು, ಬಿಸಿಗೆ ಲೆಕ್ಕ ತಪ್ಪುವ ನಾಜೂಕಿನ ಭಾಗವನ್ನು ಯಾವ ಮೂಲೆಗೆ ಸರಿಸಬೇಕು ಎಂಬುದನ್ನು ನೆರೆಯವರ ನಡತೆ ನೋಡಿ ತೀರ್ಮಾನಿಸಬೇಕು. ಅದರ ಮೇಲೆ, ಒಂದೇ ಪ್ರಮಾಣದ ಬಿಸಿಗೆ ತಾಮ್ರವು ಸಿಲಿಕಾನಿಗಿಂತ ಆರು ಪಟ್ಟಿಗೂ ಮಿಗಿಲಾಗಿ ಹಿಗ್ಗುತ್ತದೆ. ಸಾವನೇರಿನ ಬಿಸಿಲಿಗೆ ದಿನವೂ ಹಿಗ್ಗಿ ರಾತ್ರಿ ಕುಗ್ಗುವ ತಾಮ್ರದ ಆಧಾರದ ಮೇಲೆ ಹಿಗ್ಗಲೊಲ್ಲದ ಚಿಪ್ ಅಂಟಿಕೊಂಡಿದ್ದರೆ ವರ್ಷಗಳ ಮೇಲೆ ಬೆಸುಗೆಯಲ್ಲಿ ಬಿರುಕು ಬಿಡುತ್ತದೆ.

ಲಾಭದ ಕಡೆಯೂ ಉಂಟು. ಹೊರಜಗತ್ತಿಗೆ ಮುಖ ಮಾಡಿದ ಮಣೆಯು ಮನುಷ್ಯನ ಬೆರಳಿನ ಸ್ಪರ್ಶದಿಂದ ಹಾಯುವ ಎರಡು ಸಾವಿರ ವೋಲ್ಟಿನ ಕಿಡಿಯನ್ನೂ ತಡೆದುಕೊಳ್ಳುವಂತೆ ಕಾವಲು ಇಡುವುದು ವಾಡಿಕೆ. ಬಿಲ್ಲೆಯೊಳಗೆ ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಹೋಗುವ ಮಣೆಗಳನ್ನು ಯಾವ ಗಿರಾಕಿಯ ಬೆರಳೂ ಮುಟ್ಟದು. ಅಲ್ಲಿ ಕಾವಲು ಕಿರಿದಾದರೆ ಸಾಕು; ಜಾಗ ಉಳಿಯುತ್ತದೆ, ವಿದ್ಯುತ್ತೂ ಉಳಿಯುತ್ತದೆ. ಒಂದೇ ಮನೆಯ ಕೋಣೆಯಿಂದ ಕೋಣೆಗೆ ಹೋಗಲು ಬೀದಿಬಾಗಿಲಿನ ಅಗುಳಿ ಬೇಡವಷ್ಟೆ.

ಇನ್ನು ಲೆಕ್ಕ ಬರೆಯುವ ನಮ್ಮ ಗುಮಾಸ್ತ ಬಂಧುಗಳಿಗೆ ರುಚಿಸುವ ಮಾತು. ನೂರಕ್ಕೆ ತೊಂಬತ್ತೊಂಬತ್ತು ಒಳ್ಳೆಯ ಚಿಪ್‌ಗಳನ್ನು ಕೊಡುವವನನ್ನು ಯಾರೂ ಬಯ್ಯರು. ಆದರೆ ಹದಿನೇಳು ಚಿಪ್‌ಗಳನ್ನು ಒಂದೇ ಬಿಲ್ಲೆಯಲ್ಲಿ ಕೂಡಿಸಿ ಎರಕ ಹೊಯ್ದರೆ, ಅಂತಹ ನೂರು ಬಿಲ್ಲೆಗಳಲ್ಲಿ ಪೂರ್ತಿ ಸರಿಯಾಗಿರುವುವು ಸುಮಾರು ಎಂಬತ್ತನಾಲ್ಕು ಮಾತ್ರ. ನೂರಕ್ಕೆ ತೊಂಬತ್ತೈದು ಒಳ್ಳೆಯವಾದರೆ ನಲವತ್ತೆರಡೇ ಬಿಲ್ಲೆಗಳು ಉಳಿಯುತ್ತವೆ. ಉಳಿದ ಐವತ್ತೆಂಟರಲ್ಲಿ ಒಂದೆರಡು ಕೆಟ್ಟವುಗಳ ದೆಸೆಯಿಂದ ಹದಿನೈದು ಹದಿನಾರು ಒಳ್ಳೆಯ ಚಿಪ್‌ಗಳೂ ತಿಪ್ಪೆಗೆ ಹೋಗುತ್ತವೆ. ಒಂದು ಕೊಳೆತ ತೆಂಗಿನಕಾಯಿಯಿಂದ ಕೊಳಗದ ಚಟ್ನಿ ಕೆಟ್ಟುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಆದಕಾರಣ ಕೂಡಿಸುವ ಮೊದಲೇ ಪ್ರತಿಯೊಂದು ಚಿಪ್ಪನ್ನೂ ಬರಿಮೈಯಲ್ಲಿಯೇ ಪರೀಕ್ಷಿಸಿ ಒಳ್ಳೆಯದೆಂದು ಖಚಿತಪಡಿಸಿಕೊಳ್ಳಬೇಕು. ಹಾಗೆ ಪರೀಕ್ಷಿಸಲು ಸೂಜಿಮೊನೆ ಊರುವ ಜಾಗವನ್ನೂ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಶಕ್ತಿಯನ್ನೂ ಚಿಪ್ ಬರೆಯುವಾಗಲೇ ಇಟ್ಟಿರಬೇಕು. ೧೯೯೫ರಲ್ಲಿ ಇಂಟೆಲ್ ಸಂಸ್ಥೆಯ ಪೆಂಟಿಯಂ ಪ್ರೊ ಎಂಬುದು ಗಣಕಚಿಪ್ಪನ್ನೂ ನೆನಪಿನ ಚಿಪ್ಪನ್ನೂ ಒಂದೇ ಮನೆಯಲ್ಲಿಟ್ಟು ಬಂದಾಗ, ಎರಡನ್ನೂ ಜೋಡಿಸಿದ ಮೇಲೆಯೇ ಪೂರ್ತಿ ಪರೀಕ್ಷೆ ಮಾಡಬೇಕಾಗಿದ್ದುದರಿಂದ, ಒಂದು ಕೆಟ್ಟರೆ ಜೋಡಿಯನ್ನೇ ಎಸೆಯಬೇಕಾಯಿತು. ದೊಡ್ಡವರೂ ಹೀಗೆ ದಂಡ ತೆತ್ತೇ ಕಲಿತದ್ದು.

ಈ ದಾರಿ ಹೊಸದೇನಲ್ಲ. ೧೯೬೫ರ ತಮ್ಮ ಪ್ರಸಿದ್ಧ ಲೇಖನದಲ್ಲಿಯೇ ಗಾರ್ಡನ್ ಮೂರ್ ಅವರು, ದೊಡ್ಡ ವ್ಯವಸ್ಥೆಗಳನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಮಾಡಿ ಕೂಡಿಸುವುದೇ ಮಿತವ್ಯಯವಾಗಬಹುದೆಂಬ ಸೂಚನೆಯನ್ನು ಕೊಟ್ಟಿದ್ದರು. ೧೯೮೦ರಲ್ಲಿ ಐಬಿಎಂ ತನ್ನ ದೊಡ್ಡ ಗಣಕಕ್ಕೆ ಅಂಗೈಯಗಲದ ಪಿಂಗಾಣಿ ಫಲಕದ ಮೇಲೆ ನೂರಕ್ಕೂ ಹೆಚ್ಚು ಚಿಪ್‌ಗಳನ್ನು ಕೂರಿಸಿ, ಅವನ್ನು ತಂಪಾಗಿಡಲು ನೀರು ಹರಿಸಿತು. ೨೦೧೯ರಲ್ಲಿ ಎಎಂಡಿ ಸಂಸ್ಥೆಯು ಒಂದೇ ಪ್ರೊಸೆಸರಿನ ಮನೆಯಲ್ಲಿ ಒಂಬತ್ತು ಚಿಪ್‌ಗಳನ್ನು ಇಟ್ಟು ಮಾರಿತು. ಲೆಕ್ಕ ಮಾಡುವ ಎಂಟು ಚಿಪ್‌ಗಳಿಗೆ ಹೊಸ ದುಬಾರಿ ತಯಾರಿಕೆ, ಹೊರಗಿನೊಡನೆ ವ್ಯವಹರಿಸುವ ಒಂದಕ್ಕೆ ಹಳೆಯ ಅಗ್ಗದ ತಯಾರಿಕೆ. ಅಂದಿನಿಂದ ಈ ಪದ್ಧತಿ ಲೋಕದ ರೂಢಿಯಾಗುತ್ತ ನಡೆದಿದೆ.

ನಮ್ಮ ನಾಡಿನ ಸ್ಥಿತಿಯನ್ನು ನೋಡೋಣ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ೧೯೬೦ರ ದಶಕದಲ್ಲಿಯೇ ಟ್ರಾನ್ಸಿಸ್ಟರುಗಳನ್ನು ಮಾಡುತ್ತಿದ್ದಿತು. ಅಲ್ಲಿ ತಯಾರಿಕೆಯೂ ಕಟ್ಟಣೆಯೂ ಒಂದೇ ಆವರಣದೊಳಗಿನ ವಿದ್ಯೆಗಳಾಗಿದ್ದವು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಚಿಪ್ ಬರೆಯುವ ವಿದ್ಯೆ ಅಲ್ಲಿ ಹಬ್ಬಿತು. ಜಗತ್ತಿನ ಚಿಪ್ ವಿನ್ಯಾಸಕಾರರಲ್ಲಿ ಐದನೆಯ ಒಂದು ಪಾಲು ಭಾರತದಲ್ಲಿರುವರೆಂದು ಸರ್ಕಾರ ಹೇಳುತ್ತ ಬಂದಿದೆ. ಆದರೆ ಅವರು ಬರೆದುದು ಸಮುದ್ರದಾಚೆ ತಯಾರಾಗಿ, ಇನ್ನೊಂದು ಸಮುದ್ರದಾಚೆ ಬಿಲ್ಲೆಯಾಗುತ್ತಿತ್ತು. ಬರೆದವನು ರಾಳವನ್ನು ಕಂಡವನಲ್ಲ, ರಾಳ ಹೊಯ್ದವನು ಬರೆದವನನ್ನು ಕಂಡವನಲ್ಲ. ಈಗ ಸಾಣಂದದಲ್ಲಿಯೂ ಅಸ್ಸಾಮಿನ ಜಾಗೀರೋಡಿನಲ್ಲಿಯೂ ಪ್ಯಾಕೇಜಿಂಗ್ ಕಾರ್ಖಾನೆಗಳನ್ನು ಹೂಡಿರುವಾಗಲೂ, ಬರೆಯುವವರು ಬೆಂಗಳೂರಿನಲ್ಲಿ, ಕಟ್ಟುವವರು ಬೇರೆಡೆಯಲ್ಲಿ ಎಂಬ ಬೇಲಿ ಹಾಗೆಯೇ ನಿಂತರೆ, ನಮಗೆ ದೊರೆಯುವುದು ಕೂಲಿಯೇ ಹೊರತು ವಿದ್ಯೆಯಲ್ಲ. ಆ ಬೇಲಿಯ ಒಂದು ಕಂಬ ಸಾವನೇರಿನ ಗಲ್ಲೆಯ ಬಳಿಯೂ ನೆಟ್ಟಿರುವುದನ್ನು ನಾವು ಕಂಡೆವು.

೨೦೨೧ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಈ ಉದ್ಯಮಕ್ಕೆಂದು ೭೬,೦೦೦ ಕೋಟಿ ರೂಪಾಯಿಗಳನ್ನು ತೆಗೆದಿಟ್ಟಿತು. ಪ್ಯಾಕೇಜಿಂಗ್ ಕಾರ್ಖಾನೆಗಳ ಬಂಡವಾಳದ ವೆಚ್ಚದಲ್ಲಿ ಅರ್ಧದಷ್ಟನ್ನು ಅದೇ ಕೊಡುತ್ತದೆ. ಅದು ನಮ್ಮೆಲ್ಲರ ತೆರಿಗೆಯ ಹಣ. ಬೆಂಕಿಪೊಟ್ಟಣ ಕೊಳ್ಳುವ ಮಾಣಿಯೂ ಅದಕ್ಕೆ ಸಲ್ಲಿಸಿದ್ದಾನೆ. ಹೀಗಿರಲಾಗಿ ಒಂದು ಮಾತನ್ನು ಕೇಳುವ ಹಕ್ಕು ನಮಗುಂಟು. ಕಾಲೇಜುಗಳ ವಿದ್ಯಾರ್ಥಿಗಳು ಬರೆದ ಚಿಪ್‌ಗಳನ್ನು ಮೊಹಾಲಿಯ ಸರ್ಕಾರಿ ಪ್ರಯೋಗಶಾಲೆಯಲ್ಲಿ ತಯಾರಿಸಿಕೊಡುವ ಒಳ್ಳೆಯ ಏರ್ಪಾಡು ಈಗಾಗಲೇ ನಡೆದಿದೆ. ಅದನ್ನು ಇನ್ನೊಂದು ಹೆಜ್ಜೆ ಮುಂದೊಯ್ದು, ಬೇರೆ ಬೇರೆ ಕಾಲೇಜುಗಳ ಎರಡು ಮೂರು ಚಿಪ್‌ಗಳನ್ನು ಒಂದೇ ಮನೆಯಲ್ಲಿ ಕೂರಿಸಲು, ಸಹಾಯಧನ ಪಡೆದ ಕಾರ್ಖಾನೆಗಳು ವರ್ಷದಲ್ಲಿ ಕೆಲವು ದಿನ ತಮ್ಮ ಯಂತ್ರಗಳನ್ನು ಬಿಟ್ಟುಕೊಡಬೇಕೆಂದು ಏಕೆ ಕಟ್ಟು ಮಾಡಬಾರದು? ಮಣೆ ತಪ್ಪಿದ ಜಾಗದಲ್ಲಿದ್ದು ತಂತಿ ಹಾಯ್ದದ್ದನ್ನು ಒಮ್ಮೆ ಕಣ್ಣಾರೆ ಕಂಡ ಹುಡುಗನು ಮುಂದೆ ಹತ್ತು ವರ್ಷ ಆ ತಪ್ಪು ಮಾಡನು. ಕಾರ್ಖಾನೆಯವರು ಗುಟ್ಟು, ಗಿರಾಕಿಗಳ ಒತ್ತಡ ಎಂದು ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅರ್ಧ ಹಣ ಕೊಟ್ಟವನಿಗೆ ಅಡಿಗೆಮನೆಯ ಬಾಗಿಲನ್ನೇ ತೋರಿಸೆವೆನ್ನುವುದು ನ್ಯಾಯವಲ್ಲ.

ಕಲಿಯುವ ಮನಸ್ಸುಳ್ಳವರಿಗೆ ದಾರಿ ಪೂರ್ತಿ ಮುಚ್ಚಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಜಿ. ವಿ. ಮಹೇಶ್ ಅವರು ಇಲೆಕ್ಟ್ರಾನಿಕ್ಸ್ ಪ್ಯಾಕೇಜಿಂಗ್ ಕುರಿತು ಕೊಟ್ಟ ಪಾಠಗಳ ಮಾಲೆ ಎನ್‌ಪಿಟಿಇಎಲ್ ಮೂಲಕ ಯಾರಿಗಾದರೂ ಧರ್ಮಾರ್ಥವಾಗಿ ದೊರೆಯುತ್ತದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮೊಬೈಲಿನಲ್ಲಿ ನೋಡಬಹುದು. ಚಿಪ್ ತಯಾರಿಕೆಗೇ ಮೀಸಲಾದ ಡಿಪ್ಲೊಮಾದ ಪಠ್ಯಕ್ರಮವನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ೨೦೨೩ರಲ್ಲಿ ಹೊರತಂದಿದೆ. ನಾಗಪುರದಲ್ಲಿಯೇ ೧೯೬೦ರಿಂದ ನಿಂತಿರುವ ತಂತ್ರಜ್ಞಾನ ಸಂಸ್ಥೆಯೊಂದುಂಟು; ಅದರ ಹೆಬ್ಬಾಗಿಲಿನ ಮೇಲಿನ ಹೆಸರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರದು. ಅದರ ಮುಂದೆ ಬಸ್ಸಿನಲ್ಲಿ ಹಾದುಹೋಗುವ ಎಷ್ಟು ಕನ್ನಡಿಗರು ಮಕ್ಕಳಿಗೆ ಅದನ್ನು ತೋರಿಸಿದ್ದೇವೆ?

ಹಾಗೆಂದು ಸಾಣಂದದ ಕೆಲಸವನ್ನು ಬಣ್ಣಿಸಿ ಮಾರುವುದು ನಮ್ಮ ಉದ್ದೇಶವಲ್ಲ. ತಲೆಯಿಂದ ಕಾಲಿನವರೆಗೆ ಬಿಳಿಯ ಹೊದಿಕೆ ತೊಟ್ಟು, ಧೂಳಿಲ್ಲದ ಕೋಣೆಯಲ್ಲಿ, ಪಾಳಿಯ ಮೇಲೆ ನಿಂತು ಮಾಡುವ ಕೆಲಸ ಅದು. ಯಂತ್ರಕ್ಕೆ ತಟ್ಟೆ ತುಂಬುವ ಕೆಲಸಕ್ಕೇ ಹುಡುಗಿಯನ್ನು ನಿಲ್ಲಿಸಿಬಿಟ್ಟರೆ ತಂದೆಯ ಮಾತೇ ನಿಜವಾದೀತು. ಪರೀಕ್ಷೆಯ ವಿಭಾಗದಲ್ಲಿ ಕಲಿಸುವರೇ, ಕೆಟ್ಟ ಬಿಲ್ಲೆಯನ್ನು ಬಿಚ್ಚಿ ಏಕೆ ಕೆಟ್ಟಿತೆಂದು ನೋಡುವ ಕೋಣೆಗೆ ಬಿಡುವರೇ, ಎರಡು ವರ್ಷದ ಮೇಲೆ ಮುಂದಿನ ಓದಿಗೆ ಅನುಕೂಲವುಂಟೇ ಎಂದು ಸೇರುವ ಮುನ್ನವೇ ಬರೆದು ಕೇಳಬೇಕು. ವಸತಿ, ಪಾಳಿಯ ವಾಹನ ಇವುಗಳನ್ನೂ ಕೇಳಬೇಕು. ಹೆಣ್ಣುಮಕ್ಕಳನ್ನು ದೂರ ಕಳಿಸುವ ಮನೆಯವರ ಭಯ ಸುಳ್ಳು ಭಯವಲ್ಲ. ಈ ಪ್ರಶ್ನೆಗಳ ಪಟ್ಟಿಯನ್ನು ನಾವು ಅಲ್ಲಿಯೇ ಬಿಲ್ಲಿನ ಹಾಳೆಯ ಬೆನ್ನಮೇಲೆ ಬರೆದುಕೊಟ್ಟೆವು.

ಹೊಸ ಬಿಲ್ಲೆ ನಾಗಪುರದಿಂದ ಬರುವವರೆಗೆ ಮೂರು ದಿನ ಕುಟುಂಬದ ಕೋಣೆ ಮುಚ್ಚಿಯೇ ಇತ್ತು. ಹಿಂದಿರುಗುವಾಗ ಅದೇ ದಾರಿಯಲ್ಲಿ ಬಂದು ಇಳಿದೆವು. ಹಳೆಯ ಬಿಲ್ಲೆ ಕಸಕ್ಕೆ ಹೋಗಿರಲಿಲ್ಲ; ಗಲ್ಲೆಯ ಸೆಳೆಖಾನೆಯಲ್ಲಿ ಚಿಲ್ಲರೆ ನಾಣ್ಯಗಳ ನಡುವೆ ಬಿದ್ದಿತ್ತು. ಅದನ್ನು ಕಲ್ಲಿನ ಮೇಲಿಟ್ಟು ಒಡೆದರೆ ಒಳಗಿನ ಹದಿನೇಳು ಕಾಣುವುವೇ ಎಂದು ಬಂಧುಗಳು ಕೇಳಿದರು. ರಾಳದೊಡನೆ ಚಿಪ್‌ಗಳೂ ಪುಡಿಯಾಗುವುವು, ಅದನ್ನು ಬಿಡಿಸಲು ಆಮ್ಲ ಬೇಕು, ಅಡಿಗೆಮನೆಯ ಹತ್ತಿರ ಆ ಸಾಹಸ ಬೇಡ ಎಂದೆವು. ಮಗಳು ಉತ್ತರ ಬರೆಯಲು ಇನ್ನೂ ಹತ್ತು ದಿನ ಅವಧಿ ಇದೆಯೆಂದು ಹೇಳಿ, ಅವರು ಬಿಲ್ಲೆಯನ್ನು ಮತ್ತೆ ಸೆಳೆಖಾನೆಗೇ ಹಾಕಿದರು.